ಬೆಟ್ಟ ಹತ್ತಿದವರೆಲ್ಲ ಓಟಗಾರರಲ್ಲ

ಮೈಸೂರಿನಲ್ಲಿ ಯಾರಾದರೂ ‘ಓಟಕ್ಕೆ ಹೆಸರು ಕೊಟ್ಟಿದ್ದೀನಿ’ ಎಂದು ಬಾಯಿ ಬಿಟ್ಟರೆ ಸಾಕು, ಎದುರಿಗಿದ್ದವರು ಚಾಮುಂಡಿ ಬೆಟ್ಟದ ದಿಕ್ಕಿಗೆ ಗದ್ದ ಎತ್ತುತ್ತಾರೆ. “ಬೆಟ್ಟ ಹತ್ತಿ ಸಾರ್. ವಾರಕ್ಕೆರಡು ಸಲ ಸಾವಿರ ಮೆಟ್ಲು ಹತ್ತಿ ಇಳಿದುಬಿಟ್ರೆ ಐದು ಕಿಲೋಮೀಟ್ರು ಯಾವ ಮೂಲೆಗೆ?” ಟೀ ಅಂಗಡಿಯವನದೂ ಇದೇ ಮಾತು, ಜಿಮ್ಮಿನ ಹುಡುಗನದೂ ಇದೇ, ನಿವೃತ್ತ ಹೆಡ್‌ಮಾಸ್ಟರದೂ ಇದೇ. ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ಈ ಊರು ಇದೊಂದರಲ್ಲಿ ಮಾತ್ರ ಒಕ್ಕೊರಲಿನದು. ಈ ಒಕ್ಕೊರಲು ತಪ್ಪು ಎಂದು ನನ್ನ ವಾದ. ಬೆಟ್ಟದ ಮೇಲೆ ನನಗೇನೂ ಸಿಟ್ಟಿಲ್ಲ. ಮೊದಲ ಸಲ 5 ಕಿ.ಮೀ. ಓಡಲು ಹೊರಟವನಿಗೆ ಬೆಟ್ಟದ ಮೆಟ್ಟಿಲು ತಯಾರಿಯೇ ಅಲ್ಲ, ಎಷ್ಟೋ ಸಲ ಅಡ್ಡಿ. ಈ ಸಲಹೆಯ ಬೆನ್ನಿಗಿರುವ ನಂಬಿಕೆಯಂತೂ, ಅಂದರೆ ನೋವಾದರೆ ಮಾತ್ರ ತಯಾರಿ ಆದಂತೆ ಎಂಬುದು, ಮೆಟ್ಟಿಲಿಗಿಂತ ಹೆಚ್ಚು ಜನರನ್ನು ಓಟದಿಂದ ಓಡಿಸಿದೆ.

ಈ ಮಾತಿಗೆ ನಾನು ಸ್ವಂತ ಕಾಲುಗಳನ್ನೇ ಅಡವಿಟ್ಟಿದ್ದೇನೆ. ವಯಸ್ಸು ನಲವತ್ತಾರು, ಓಟ ಭಾನುವಾರ. ಕಡೇ ಗಳಿಗೆಯ ತಯಾರಿ ಎಂದು ಶುಕ್ರವಾರ ಬೆಳಗಿನ ಜಾವ ಬೆಟ್ಟದ ಪಾದದಲ್ಲಿದ್ದೆ. ಹತ್ತುವಾಗ ಏದುಸಿರು ಬಂತು, ಬರಲೇಬೇಕು. ದಾರಿಯ ನಂದಿ ವಿಗ್ರಹದ ಹತ್ತಿರ ಎರಡು ನಿಮಿಷ ಸುಧಾರಿಸಿಕೊಂಡು ಮೇಲೆ ಹೋದೆ. ಇಳಿಯುವಾಗ ಮಾತ್ರ ಹುಮ್ಮಸ್ಸೋ ಹುಮ್ಮಸ್ಸು. ಹುಡುಗರ ಹಾಗೆ ದಡದಡನೆ ಇಳಿದೆ, ಉಸಿರು ಒಂದಿಷ್ಟೂ ಏರಲಿಲ್ಲ. ಕೆಳಗೆ ಎಳನೀರು ಕುಡಿಯುತ್ತಾ, ಇನ್ನೇನು ಗೆದ್ದೆ ಅಂದುಕೊಂಡೆ. ಶನಿವಾರ ತೊಡೆ ಸ್ವಲ್ಪ ಬಿಗಿ ಅನ್ನಿಸಿತು. ಭಾನುವಾರ ಬೆಳಿಗ್ಗೆ ಮನೆ ಮುಂದಿನ ಮೂರು ಮೆಟ್ಟಿಲನ್ನು ಗೋಡೆ ಹಿಡಿದು ಅಡ್ಡಡ್ಡ ಇಳಿಯಬೇಕಾಯಿತು. “ಏನ್ರೀ ಇದು, ಏಡಿ ಥರ ಇಳೀತಿದ್ದೀರ” ಎಂದು ಮನೆಯವಳು ನಕ್ಕಳು. ಆ ಏಡಿಯೇ ಎದೆಗೆ ನಂಬರು ಚುಚ್ಚಿಕೊಂಡು ಓಟದ ಗೆರೆಯ ಮೇಲೆ ನಿಂತಿತು.

ಆದದ್ದೇನು ಎಂಬುದರಲ್ಲಿ ರಹಸ್ಯವೇನಿಲ್ಲ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಹಿಗ್ಗುತ್ತಾ ಮೈಯ ಭಾರವನ್ನು ತಡೆಹಿಡಿಯಬೇಕು. ಬಾವಿಯಿಂದ ನೀರು ಸೇದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಬಿದ ಕೊಡವನ್ನು ಮೇಲೆಳೆಯುವಾಗ ರಟ್ಟೆ ದಣಿಯುತ್ತದೆ, ಕೈಜಾರಿ ಹಗ್ಗ ಸರ್ರನೆ ಇಳಿದರೆ ಅಂಗೈ ಸುಲಿಯುತ್ತದೆ. ಮೆಟ್ಟಿಲಿಳಿದ ತೊಡೆಯಲ್ಲಿ ಆಗುವುದೂ ಒಂದು ಬಗೆಯ ಸುಲಿತವೇ, ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯ. ಉಸಿರು ಹತ್ತುವುದಿಲ್ಲವಾದ್ದರಿಂದ ಆಗ ಗೊತ್ತಾಗುವುದಿಲ್ಲ. ನೋವು 24 ಗಂಟೆಯೊಳಗೆ ನಿಧಾನಕ್ಕೆ ಎದ್ದು, ಎರಡನೆಯ ಮೂರನೆಯ ದಿನ ನೆತ್ತಿಗೇರುತ್ತದೆ. ಶುಕ್ರವಾರ ಇಳಿದವನಿಗೆ ಭಾನುವಾರವೇ ಸಿಕ್ಕಿದ್ದು ಗ್ರಹಚಾರವಲ್ಲ, ಲೆಕ್ಕ. ಇದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಜಿಮ್ಮುಗಳಲ್ಲಿ ಈಗಲೂ ಹೇಳುತ್ತಾರೆ. ಆ ಆಮ್ಲವನ್ನು ಮೈ ಒಂದೆರಡು ಗಂಟೆಯೊಳಗೇ ಕರಗಿಸಿಕೊಂಡಿರುತ್ತದೆ, ಎರಡು ದಿನ ಕಾದು ಸೇಡು ತೀರಿಸಿಕೊಳ್ಳುವ ಜಾಯಮಾನ ಅದರದಲ್ಲ.

ಹಾಗಾದರೆ ಇಷ್ಟೊಂದು ಜನ ಸುಳ್ಳು ಹೇಳುತ್ತಾರೆಯೇ? ಇಲ್ಲ. ಇಪ್ಪತ್ತು ವರ್ಷದಿಂದ ಬೆಟ್ಟ ಹತ್ತುತ್ತಿರುವವರಿಗೆ ಈ ನೋವು ನಿಜವಾಗಿಯೂ ಇಲ್ಲ. ಒಮ್ಮೆ ಇಂಥ ಇಳಿತಕ್ಕೆ ನೊಂದ ಸ್ನಾಯು ಮುಂದಿನ ಕೆಲವು ವಾರಗಳವರೆಗೆ ಅದೇ ಇಳಿತಕ್ಕೆ ಅಷ್ಟಾಗಿ ನೋಯುವುದಿಲ್ಲ. ವಾರ ತಪ್ಪಿಸದೆ ಹತ್ತಿ ಇಳಿಯುವವರ ತೊಡೆಗೆ ಆ ರಕ್ಷೆ ಸದಾ ಇರುತ್ತದೆ. ಮೊದಲ ಸಲ ನೊಂದದ್ದು ಅವರಿಗೆ ಮರೆತು ಎಷ್ಟೋ ವರ್ಷ. ಹೀಗಾಗಿ ಬೆಟ್ಟವನ್ನು ಚೆನ್ನಾಗಿ ಬಲ್ಲವರೇ ಹೊಸಬನ ಕಾಲಿನ ಬಗ್ಗೆ ಕಡಿಮೆ ಬಲ್ಲವರು. ಈಜು ಬಲ್ಲವನು ‘ಸುಮ್ನೆ ಧುಮುಕಿ’ ಅನ್ನುತ್ತಾನಲ್ಲ, ಹಾಗೆ.

ಬೆಟ್ಟದ ಸಲಹೆಗೆ ಇಷ್ಟು ಬಲ ಬಂದಿರುವುದಕ್ಕೆ ಕಾರಣ ವ್ಯಾಯಾಮ ಶಾಸ್ತ್ರವಲ್ಲ. ಅದು ಹರಕೆಯ ಮೆಟ್ಟಿಲು. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲಕ್ಕೆ ಆದ ದಾರಿ ಅದು, ನಂದಿಯೂ ಆ ಕಾಲದ್ದೇ. ಆಷಾಢ ಶುಕ್ರವಾರ ನೋಡಿ: ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಮೇಲೆ ಹೋಗುವ ಹೆಂಗಸರಿರುತ್ತಾರೆ. ಸಾವಿರ ಸಲ ಬಗ್ಗಿ ಏಳುವುದು ಯಾವ ತರಬೇತುದಾರನೂ ಬರೆದುಕೊಡದ ಕಷ್ಟ. ಆದರೆ ಹರಕೆಯಲ್ಲಿ ಅದಕ್ಕೆ ಅರ್ಥವಿದೆ. ಪಟ್ಟ ಕಷ್ಟವೇ ಅಲ್ಲಿ ಒಪ್ಪಿಸುವ ಕಾಣಿಕೆ, ಕಷ್ಟ ಹೆಚ್ಚಿದಷ್ಟೂ ಕಾಣಿಕೆ ದೊಡ್ಡದು. ಓಟದ ತಯಾರಿಯ ಲೆಕ್ಕ ತಿರುವುಮುರುವು. ಇವತ್ತು ಎಷ್ಟು ದಣಿದೆ ಎಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ, ನಾಡಿದ್ದು ಮತ್ತೆ ಬರಲು ಕಾಲು ಒಪ್ಪುತ್ತದೆಯೇ ಎಂಬುದೇ ಪ್ರಶ್ನೆ. ನಾವು ಹರಕೆಯ ಲೆಕ್ಕವನ್ನು ತಂದು ಓಟದ ಪುಸ್ತಕದಲ್ಲಿ ಬರೆಯುತ್ತಿದ್ದೇವೆ.

ಮೈ ತಾನು ಮಾಡಿದ್ದನ್ನೇ ಕಲಿಯುತ್ತದೆ, ಅದರ ಪಕ್ಕದ್ದನ್ನಲ್ಲ. ಇದಕ್ಕೆ ನಮ್ಮ ನಾಡಿನದೇ ಸಾಕ್ಷಿ ಇದೆ. 2020ರ ಫೆಬ್ರವರಿಯಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು ಎಂಬ ಸುದ್ದಿ ಬಂದಾಗ, ದೇಶವೇ ಕ್ಯಾಲ್ಕ್ಯುಲೇಟರ್ ಹಿಡಿದು 100 ಮೀಟರಿಗೆ 9.55 ಎಂದು ಭಾಗಿಸಿ, ಬೋಲ್ಟ್ ಸಿಕ್ಕಿದ ಎಂದು ಕುಣಿಯಿತು. ಕೋಣಗಳು ಎಳೆಯುವ ಕೆಸರಿನ ಓಟಕ್ಕೂ ಒಂಟಿಯಾಗಿ ಓಡುವ ಟ್ರ್ಯಾಕಿಗೂ ವ್ಯತ್ಯಾಸ ಇದೆಯೆಂದು ಹೇಳಿದ್ದು ಸ್ವತಃ ಗೌಡರೇ. ಅಲ್ಲಿ ಹಿಮ್ಮಡಿಯ ಕೆಲಸ, ಇಲ್ಲಿ ತುದಿಗಾಲಿನ ಕೆಲಸ ಎಂದು ವಿವರಿಸಿ, ಕರೆದು ಕೊಟ್ಟ ಟ್ರಯಲ್ಸ್ ಅನ್ನು ಬೇಡವೆಂದರು. ಅವರನ್ನು ಟ್ರ್ಯಾಕಿಗೆ ಇಳಿಸಲು ಹೊರಟ ಮಂತ್ರಿಗಳಿಗೂ ಉದ್ಯಮಿಗಳಿಗೂ ಹೊಳೆಯದ್ದು ಗದ್ದೆಯಲ್ಲಿ ಓಡುವವರಿಗೆ ಗೊತ್ತಿತ್ತು. ಮೆಟ್ಟಿಲು ಹತ್ತುವುದು ಮತ್ತು ಸಮತಟ್ಟಿನಲ್ಲಿ ಓಡುವುದರ ನಡುವೆಯೂ ಅಂಥದ್ದೇ ಅಂತರ. ಮೆಟ್ಟಿಲಿನ ಮೇಲೆ ಒಂದು ಕಾಲಾದರೂ ಸದಾ ಊರಿರುತ್ತದೆ. ಓಟದಲ್ಲಿ ಪ್ರತಿ ಹೆಜ್ಜೆಗೂ ಮೈ ಒಂದು ಕ್ಷಣ ಗಾಳಿಯಲ್ಲಿದ್ದು ಒಂದೇ ಕಾಲಿನ ಮೇಲೆ ಬೀಳುತ್ತದೆ, ಮೈತೂಕದ ಎರಡರಿಂದ ಮೂರು ಪಟ್ಟು ಭಾರವಾಗಿ. ಹೊಸಬರು 5 ಕಿ.ಮೀ.ಗೆ ಐದಾರು ಸಾವಿರ ಹೆಜ್ಜೆ ಹಾಕುತ್ತಾರೆ. ಆ ಪೆಟ್ಟು ತಿನ್ನಲು ಮೀನಖಂಡ, ಹಿಮ್ಮಡಿಯ ನಾರು, ಕಣಕಾಲಿನ ಎಲುಬು ಕಲಿಯಬೇಕು. ಗುಂಡಿಗೆ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ, ಎಲುಬಿಗೂ ಅದನ್ನು ಕಟ್ಟಿರುವ ನಾರಿಗೂ ತಿಂಗಳುಗಳೇ ಬೇಕು. ಬೆಟ್ಟ ಹತ್ತಿ ದಮ್ಮು ಗಟ್ಟಿ ಮಾಡಿಕೊಂಡವನು ಆ ದಮ್ಮಿನ ಧೈರ್ಯದಲ್ಲಿ, ಇನ್ನೂ ತಯಾರಾಗದ ಕಣಕಾಲನ್ನು ಡಾಂಬರಿನ ಮೇಲೆ ಬಡಿಯುತ್ತಾನೆ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ಬ್ಯಾನರಿನಲ್ಲಿ ದೊಡ್ಡದಾಗಿ ‘ಮ್ಯಾರಥಾನ್’ ಎಂದಿತ್ತು. ನಮ್ಮಲ್ಲಿ ಮೂರು ಕಿಲೋಮೀಟರಿನ ಜಾಥಾ ಕೂಡ ಮ್ಯಾರಥಾನೇ, 42.195 ಎಂಬ ಸಂಖ್ಯೆಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಧ್ವನಿವರ್ಧಕದಲ್ಲಿ ಸಿನಿಮಾ ಹಾಡು, ವೇದಿಕೆಯ ಮೇಲೆ ಜುಂಬಾ. ಸೀಟಿ ಊದಿದ್ದೇ ತಡ, ಎಲ್ಲರೂ ಶಾಲೆಯ ಮೈದಾನಕ್ಕೆ ವಾಪಸು ಹೋದರು. ಸುಣ್ಣದ ಗೆರೆ, ಪಿ.ಟಿ. ಮೇಷ್ಟರ ಸೀಟಿ, ನೂರು ಮೀಟರು, ಮೂವರಿಗೆ ಬಹುಮಾನ, ಉಳಿದವರಿಗೆ ಚಪ್ಪಾಳೆಯೂ ಇಲ್ಲ: ನಮ್ಮಲ್ಲಿ ಬಹಳ ಜನಕ್ಕೆ ಓಟ ಅಂದರೆ ಗೊತ್ತಿರುವುದು ಅಷ್ಟೇ, ಕಣ್ಣು ಮುಚ್ಚಿ ನುಗ್ಗುವುದು. ನಾನೂ ನುಗ್ಗಿದೆ. ಮೊದಲ ಕಿಲೋಮೀಟರು ಆರು ನಿಮಿಷ. ಆಮೇಲೆ ತೊಡೆಗಳು ಕೈ ಕೊಟ್ಟವು, ಉಸಿರೂ ಕೈ ಬಿಟ್ಟಿತು. ಕುಂಟುತ್ತಾ ನಡೆಯತೊಡಗಿದೆ. ದಾರಿಬದಿಯ ಸ್ವಯಂಸೇವಕ ಹುಡುಗ ಪ್ರೀತಿಯಿಂದಲೇ ಕೂಗಿದ: “ನಡೀಬೇಡಿ ಅಂಕಲ್, ಓಡಿ ಓಡಿ, ಇನ್ನು ಸ್ವಲ್ಪಾನೇ ಇರೋದು!” ಇದ್ದದ್ದು ಮೂರೂವರೆ ಕಿಲೋಮೀಟರು. ಮರ್ಯಾದೆಗೆ ಇಪ್ಪತ್ತು ಹೆಜ್ಜೆ ಓಡಿ ಮತ್ತೆ ನಿಂತೆ. ಆಗ ಅರವತ್ತರ ಆಸುಪಾಸಿನ ಹೆಂಗಸೊಬ್ಬರು, ಸೀರೆ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಹೆಜ್ಜೆಯೂ ಓಡದೆ ನನ್ನ ಪಕ್ಕದಿಂದ ದಾಟಿ ಹೋದರು. ಸಂತೆಗೆ ಹೊರಟವರ ಬಿರುಸು, ಅಷ್ಟೇ. ಮತ್ತೆ ಅವರು ನನಗೆ ಕಂಡದ್ದು ಓಟದ ಕೊನೆಯಲ್ಲಿ, ಉಪ್ಪಿಟ್ಟಿನ ತಟ್ಟೆ ಖಾಲಿ ಮಾಡುತ್ತಿದ್ದಾಗ.

ಮನೆಗೆ ಬಂದು ಹಾಳೆಯ ಹಿಂದೆ ಲೆಕ್ಕ ಹಾಕಿದೆ. ನನ್ನ ಮೊದಲ ಕಿಲೋಮೀಟರು ಗಂಟೆಗೆ 10 ಕಿ.ಮೀ. ವೇಗ, ಉಳಿದ ನಾಲ್ಕು ಸುಮಾರು ನಾಲ್ಕೂವರೆಯ ವೇಗ. ಒಟ್ಟು 58 ನಿಮಿಷ. ಗಂಟೆಗೆ 6 ಕಿ.ಮೀ.ಯಂತೆ ಬಿಡದೆ ನಡೆದರೆ 50 ನಿಮಿಷ ಸಾಕು. ಒಂದು ನಿಮಿಷ ಎಂಟರ ವೇಗದಲ್ಲಿ ಕುಲುಕುತ್ತಾ ಓಡಿ ಮುಂದಿನ ನಿಮಿಷ ಐದೂವರೆಯಲ್ಲಿ ನಡೆದರೆ, ಹೀಗೇ ಕೊನೆಯವರೆಗೆ, 45 ನಿಮಿಷದೊಳಗೆ ಮುಗಿಯುತ್ತದೆ. ಅಂದರೆ ನುಗ್ಗಿದವನು ನಡೆದವರಿಗೆ ಎಂಟು ನಿಮಿಷ ಸೋತ, ನಡೆದು ಓಡಿ ನಡೆದು ಓಡಿದವರಿಗೆ ಹದಿಮೂರು ನಿಮಿಷ. ‘ನಡೆದರೆ ಸೋತಂತೆ’ ಎಂಬ ನಂಬಿಕೆಯಿಂದಲೇ ಹೊಸಬರು ಸೋಲುವುದು. ದಣಿದ ಮೇಲೆ ನಡೆಯುವುದಕ್ಕೂ ದಣಿಯುವ ಮೊದಲೇ ನಡೆಯುವುದಕ್ಕೂ ಇರುವ ಅಂತರ ಈ ಹದಿಮೂರು ನಿಮಿಷ. ನಾಚಿಕೆ ಬಿಟ್ಟರೆ ಸಿಗುವ ಲಾಭ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

ಹಾಗಾಗಿ ಮೈಸೂರಿನ ಹೊಸಬ ಗದ್ದ ಎತ್ತಬೇಕಾದ್ದು ಕುಕ್ಕರಹಳ್ಳಿ ಕೆರೆಯ ಕಡೆಗೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ. ಸುತ್ತಲೂ ಮಣ್ಣಿನ ದಾರಿ, ಒಂದು ಸುತ್ತು ಹಾಕಿದರೆ 5 ಕಿ.ಮೀ.ಗೆ ಸ್ವಲ್ಪವೇ ಕಡಿಮೆ. ಓಟದ ದೂರವನ್ನೇ ಅಳೆದು ಕೆರೆ ಕಟ್ಟಿದಂತಿದೆ! ಕುವೆಂಪು ನಡೆದಾಡಿದ ಏರಿಯ ಮೇಲೆ ಈಗಲೂ ಬೆಳಿಗ್ಗೆ ನಡೆಯುವವರ ಸಾಲು. ಪಿಂಚಣಿ, ಸಕ್ಕರೆ ಕಾಯಿಲೆ, ಮಗನ ಅಮೆರಿಕ, ಇವುಗಳ ಮಾತು. ಮಧ್ಯೆ ನೀರಿನಲ್ಲಿ ಹೆಜ್ಜಾರ್ಲೆಗಳು ಯಾವ ಅವಸರವೂ ಇಲ್ಲದೆ ತೇಲುತ್ತಿರುತ್ತವೆ. ಓಟದ ಹುಡುಗರು ಈ ಸಾಲನ್ನು ‘ವಾಕಿಂಗ್ ಪಾರ್ಟಿ’ ಎಂದು ತಮಾಷೆ ಮಾಡುತ್ತಾರೆ. ಆದರೆ ಮೊದಲ ಓಟದ ಗೆರೆಗೆ ಹತ್ತಿರ ಇರುವವರು ಅವರೇ. ದೂರ ಅವರ ಕಾಲಿಗೆ ಆಗಲೇ ಗೊತ್ತು. ಸೇರಿಸಬೇಕಾದ್ದು ಅಲ್ಲೊಂದು ಇಲ್ಲೊಂದು ನಿಮಿಷದ ಓಟ, ವಾರಕ್ಕೆ ಮೂರು ದಿನ. ಮಗನ ಅಮೆರಿಕದ ಮಾತು ಆ ಓಟದ ನಿಮಿಷದಲ್ಲೂ ತುಂಡಾಗಬಾರದು. ತುಂಡಾದರೆ ವೇಗ ಜಾಸ್ತಿಯಾಯಿತು ಎಂದೇ ಅರ್ಥ, ಗಡಿಯಾರ ನೋಡುವ ಅಗತ್ಯವಿಲ್ಲ.

ಈ ಮಾತಿನ ಪರೀಕ್ಷೆ ನನ್ನ ಕಂಡುಹಿಡಿತವಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಇಬ್ಬರು ಶಿಷ್ಯರಿಗೆ ಚಿನ್ನ ಕೊಡಿಸಿದ ಗುರು: 800 ಮೀಟರಿನಲ್ಲಿ ಪೀಟರ್ ಸ್ನೆಲ್, 5,000 ಮೀಟರಿನಲ್ಲಿ ಮರ್ರೆ ಹಾಲ್ಬರ್ಗ್. ಅದೇ ಮನುಷ್ಯ ಆಕ್ಲೆಂಡಿನಲ್ಲಿ ಹೃದಯಾಘಾತ ಆದವರನ್ನೂ ಸೇರಿಸಿಕೊಂಡು ಮಾತಾಡುತ್ತಾ ಓಡಿಸಿದ. ಮೈಗೆ ಅಭ್ಯಾಸ ಕೊಡಿ, ಹಿಂಸೆ ಕೊಡಬೇಡಿ ಎಂಬುದು ಅವನ ಮಂತ್ರ. 1962ರ ಕೊನೆಯಲ್ಲಿ ಅಮೆರಿಕದ ಹೆಸರಾಂತ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಹೋಗಿ ಆ ಗುಂಪಿನ ಜೊತೆ ಓಡಲು ಹೊರಟರೆ, ಎದೆಯ ಕಾಯಿಲೆ ಕಂಡ, ಎಪ್ಪತ್ತು ದಾಟಿದ ಮುದುಕರೊಬ್ಬರು ಇವರಿಗಾಗಿ ನಿಧಾನ ಮಾಡಿಕೊಳ್ಳಬೇಕಾಯಿತು. ಬೋವರ್‌ಮನ್ ಊರಿಗೆ ಮರಳಿ ಜಾಗಿಂಗ್ ಬಗ್ಗೆ ಪುಸ್ತಕ ಬರೆದರು. ಒಂದು ನಿಮಿಷ ಓಡು, ಒಂದೂವರೆ ನಿಮಿಷ ನಡೆ ಎಂದು ಶುರುವಾಗುವ ಒಂಬತ್ತು ವಾರದ ‘ಕೌಚ್ ಟು ಫೈವ್ ಕೆ’ ಪಟ್ಟಿ ಇಂದು ಎಲ್ಲರ ಫೋನಿನಲ್ಲೂ ಇದೆ. ಅದನ್ನು 1996ರಲ್ಲಿ ಬರೆದ ಜೋಶ್ ಕ್ಲಾರ್ಕ್‌ನ ಕಣ್ಣ ಮುಂದೆ ಇದ್ದದ್ದೂ ಕ್ರೀಡಾಪಟುವಲ್ಲ, ಅವನ ತಾಯಿ.

ನನ್ನ ವಾದದ ಸಡಿಲ ಗಂಟನ್ನೂ ನಾನೇ ತೋರಿಸುತ್ತೇನೆ. ನಿಧಾನ ಹೋದರೆ ಗಾಯವೇ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಹೇಳಲಾಗದು. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ನಾಲ್ಕು ಮೈಲಿಯ ಓಟಕ್ಕೆ ಸಿದ್ಧರಾಗುತ್ತಿದ್ದ 532 ಹೊಸಬರನ್ನು ಸಂಶೋಧಕರು ಎರಡು ಪಂಗಡ ಮಾಡಿ ನೋಡಿದರು, ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಒಂದು ಪಂಗಡಕ್ಕೆ 13 ವಾರದ ನಿಧಾನ ಏರಿಕೆ, ಇನ್ನೊಂದಕ್ಕೆ 8 ವಾರದ ಸಾಮಾನ್ಯ ತಯಾರಿ. ಗಾಯಗೊಂಡವರು ಮೊದಲನೆಯದರಲ್ಲಿ ಶೇ. 20.8, ಎರಡನೆಯದರಲ್ಲಿ ಶೇ. 20.3. ವಾರಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದು ಎಂದು ಗಿಳಿಪಾಠ ಒಪ್ಪಿಸುವವರು ಈ ಎರಡು ಸಂಖ್ಯೆಗಳನ್ನು ಎದುರಿಸಬೇಕು. ಓಟದ ಪಟ್ಟಿ ರಾಮಬಾಣವಲ್ಲ. ಐವರಲ್ಲಿ ಒಬ್ಬರ ಕಾಲು ಹೇಗೂ ತಕರಾರು ಎತ್ತುತ್ತದೆ. ಎತ್ತಿದಾಗ ಎರಡು ದಿನ ಬಿಡುವುದು ಸೋಲಲ್ಲ ಎಂಬುದಷ್ಟೇ ಅಲ್ಲಿ ನಾನು ತೆಗೆದುಕೊಳ್ಳುವ ಪಾಠ. ಆದರೆ ಗಮನಿಸಿ, ಆ ಎರಡೂ ಪಂಗಡದವರು ಮಾಡುತ್ತಿದ್ದುದು ಓಟವನ್ನೇ. ಮೆಟ್ಟಿಲು ಹತ್ತಿಸಿ ಓಟಕ್ಕೆ ಬಿಟ್ಟಿರಲಿಲ್ಲ.

ಬೆಟ್ಟದ ಪರ ವಕಾಲತ್ತೂ ಇದೆ. ಗುಂಡಿಗೆಗೆ ಅದು ನಿಜಕ್ಕೂ ಒಳ್ಳೆಯದು. ಲಿಡಿಯಾರ್ಡ್ ಸ್ವತಃ ಶಿಷ್ಯರನ್ನು ಗುಡ್ಡ ಹತ್ತಿಸುತ್ತಿದ್ದ. ನಮ್ಮವರು ಅಷ್ಟನ್ನು ಮಾತ್ರ ಕೇಳಿಸಿಕೊಂಡು ಬಂದಿದ್ದಾರೆ. ಗುಡ್ಡ ಅವನ ಪದ್ಧತಿಯಲ್ಲಿ ಬರುವುದು ವಾರಗಟ್ಟಲೆ ಸಮತೂಕದ ಓಟದ ಬುನಾದಿ ಬಿದ್ದ ಮೇಲೆ. ನಾವು ಬುನಾದಿಗೆ ಮೊದಲೇ ಗೋಪುರಕ್ಕೆ ಕಲಶ ಇಡುತ್ತೇವೆ.

ಉಳಿದ ಸಲಹೆಗಳಿಗೆ ಹೆಚ್ಚು ಜಾಗ ಬೇಡ. ಓಡುವ ಮೊದಲು ಕಾಲು ಎಳೆದೆಳೆದು ಹಿಗ್ಗಿಸಿ ಎನ್ನುತ್ತಾರೆ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಊರಿನಲ್ಲಿ ಇದರ ವಿರುದ್ಧ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಆದರೂ ಆಸ್ಟ್ರೇಲಿಯದ ಸೇನೆಯ 1,538 ಹೊಸ ಸೈನಿಕರ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ವ್ಯಾಯಾಮಕ್ಕೆ ಮೊದಲು ಹಿಗ್ಗಿಸಿದವರಿಗೂ ಹಿಗ್ಗಿಸದವರಿಗೂ ಗಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಯೋಗ ಯೋಗಕ್ಕಾಗಿ ಮಾಡಿ. ಓಟಕ್ಕೆ ಮೊದಲು ಐದು ನಿಮಿಷ ಬಿರುಸಾಗಿ ನಡೆದರಾಯಿತು. ಪಾದ ಅಳೆಸಿ ದುಬಾರಿ ಶೂ ಕೊಳ್ಳಬೇಕೆಂಬುದೂ ಅಷ್ಟೇ ಸಡಿಲ ಮಾತು. ಒಂದೇ ಬಗೆಯ ಸಾಮಾನ್ಯ ಶೂ ಕೊಟ್ಟು 927 ಹೊಸಬರನ್ನು ವರ್ಷ ಪೂರ್ತಿ ಗಮನಿಸಿದ ಡೆನ್ಮಾರ್ಕಿನ ಸಂಶೋಧಕರಿಗೆ, ಪಾದ ಒಳಗೆ ವಾಲುವವರಿಗೆ ಗಾಯ ಹೆಚ್ಚು ಎಂಬ ಮಾತಿಗೆ ಆಧಾರ ಕಾಣಲಿಲ್ಲ. ಹಾಕಿ ನಡೆದಾಗ ಹಿತವೆನಿಸಿದ್ದು ಸಾಕು, ಆದರೆ ಓಟದ ದಿನವೇ ಹೊಸದನ್ನು ತೊಡಬೇಡಿ. ಹಿಂದಿನ ರಾತ್ರಿ ಹೊಟ್ಟೆ ಬಿರಿಯುವಷ್ಟು ಮುದ್ದೆಯೂ ಬೇಡ, ಅನ್ನವೂ ಬೇಡ. ಮುಕ್ಕಾಲು ಗಂಟೆಯ ಓಟಕ್ಕೆ ಬೇಕಾದ ಶಕ್ತಿ ಮೈಯಲ್ಲಿ ಆಗಲೇ ಕೂತಿದೆ. ಬೆಳಿಗ್ಗೆ ಒಂದು ಬಾಳೆಹಣ್ಣು, ಒಂದು ಲೋಟ ನೀರು. ಮೈಲಾರಿ ದೋಸೆ ಓಟದ ಮೇಲೆ, ಮುಂಚೆ ಅಲ್ಲ. ಇದರಲ್ಲಿ ನನಗೆ ಯಾರ ಜೊತೆಗೂ ಭಿನ್ನಾಭಿಪ್ರಾಯವಿಲ್ಲ. ನಲವತ್ತು ದಾಟಿದವರು, ಬಿ.ಪಿ. ಸಕ್ಕರೆ ಇರುವವರು ಹೆಸರು ಕೊಡುವ ಮೊದಲು ತಮ್ಮ ಡಾಕ್ಟರನ್ನು ಒಮ್ಮೆ ಕಂಡು ಬರಲಿ. ಎದೆ ಹಿಡಿದುಕೊಂಡರೆ ಓಟ ಅಲ್ಲಿಗೆ ಮುಗಿಯಿತು, ಆ ನೋವಿನ ಜೊತೆ ಪೌರುಷದ ಮಾತು ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ಬೆಟ್ಟ ನಿಮ್ಮನ್ನು ಕರೆಯುತ್ತದೆ ಎಂದು ನನಗೆ ಗೊತ್ತು. ಓಟದ ವಾರದಲ್ಲೇ ಕರೆಯುತ್ತದೆ, ಅಮ್ಮನವರಿಗೆ ಒಂದು ಕೈ ಮುಗಿದು ಬರೋಣ ಅನ್ನಿಸುತ್ತದೆ. ಹೋಗಿ. ಮೆಲ್ಲಗೆ ಹತ್ತಿ, ನಂದಿಯ ಹತ್ತಿರ ಕೂತು ಊರು ನೋಡಿ, ಮೇಲೆ ಹೋಗಿ ದರ್ಶನ ಮಾಡಿ. ಇಳಿಯುವಾಗ ಮಾತ್ರ ಮೆಟ್ಟಿಲ ಕಡೆ ತಿರುಗಬೇಡಿ. ಮೇಲಿನ ನಿಲ್ದಾಣದಿಂದ ಸಿಟಿ ಬಸ್ ಸ್ಟ್ಯಾಂಡಿಗೆ 201 ನಂಬರಿನ ಬಸ್ಸು ಬರುತ್ತದೆ.